ಬೆಂಕಿಬೆಟ್ಟ ಕಾಣೋ ಗುಡ್ಡ

ಮಗಳ ಬಾಣಂತನಕ್ಕೆ ಅಂತ ಅಮೆರಿಕಾಕ್ಕೆ ಹೋಗಿಬಂದ ಅವ್ವಂದಿರು ಈಗ ನಮ್ಮ ಕಡೆ ಊರೂರಿಗೂ ಅವ್ರೆ. ಬಂದಮೇಲೆ ಹೇಳೋ ಕತೆ ಎಲ್ಲರದ್ದೂ ಒಂದೇ. ರಸ್ತೆ ಚೆನ್ನಾಗದೆ, ಬೀದೀಲಿ ಜನ ಕಾಣಲ್ಲ, ಹೊತ್ತು ಹೋಗಲ್ಲ, ಟೊಮೇಟೊಗೆ ಹುಳಿ ಇಲ್ಲ. ನಾನೂ ಆರು ತಿಂಗಳು ಇದ್ದು ಬಂದೆ, ಇದನ್ನೆಲ್ಲ ನಾನೂ ಹೇಳಬಲ್ಲೆ. ಆದರೆ ಬಂದಾಗಿಂದ ನನ್ನ ತಲೇಲಿ ಉಳಿದಿರೋದು ಒಂದು ಗುಡ್ಡ. ಆ ಗುಡ್ಡದ ಮೇಲೆ ನಿಂತರೆ ಬೆಂಕಿ ಉಗುಳೋ ಬೆಟ್ಟಗಳು ಕಾಣ್ತವೆ. ನಾನೂ ನನ್ನ ಮಗಳೂ ಎರಡು ದಿನ ಮಾತು ಬಿಟ್ಟಿದ್ದೂ ಆ ಗುಡ್ಡದಿಂದಲೇ.

ಮಗಳು ಇರೋದು ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ಪಕ್ಕದ ಗ್ರೆಶಮ್ ಅನ್ನೋ ಊರಲ್ಲಿ. ಅಳಿಯಂದ್ರು ಮಳವಳ್ಳಿ ಕಡೆಯವರು, ಚಿಪ್ಪು ಮಾಡೋ ಕಂಪನೀಲಿ ಕೆಲಸ. ನಾನು ಹೋಗಿದ್ದು 2024ರ ಏಪ್ರಿಲಲ್ಲಿ. ಮೇ ಮೊದಲ ವಾರ ಹೆರಿಗೆ ಆಯ್ತು, ಹೆಣ್ಣುಕೂಸು. ಬಾಣಂತನದ ವಿಚಾರ ಬರೆಯೋಕೆ ಕೂತರೆ ಅದೇ ಒಂದು ಪುಸ್ತಕ ಆಯ್ತದೆ, ಬ್ಯಾಡ. ಒಂದು ಮಾತ್ರ ಹೇಳ್ತೀನಿ. ಕೂಸಿಗೆ ಎಣ್ಣೆನೀರು ಹಾಕಿ ಸಾಂಬ್ರಾಣಿ ಹೊಗೆ ಕೊಡೋ ಹೊತ್ತಿಗೆ ಸರಿಯಾಗಿ ಅಳಿಯಂದ್ರು ಕುರ್ಚಿ ಹತ್ತಿ ಚಾವಣೀಲಿರೋ ಹೊಗೆಗಂಟೆಗೆ ಬಟ್ಟೆ ಕಟ್ಟೋರು. ಹೊಗೆ ಹೋದಮೇಲೆ ಮತ್ತೆ ಹತ್ತಿ ಬಿಚ್ಚೋರು. ದಿನಾ ಇದೇ ಕೆಲಸ. ಒಂದು ದಿನವೂ ಮೊಕ ಗಂಟು ಹಾಕ್ಕೊಳ್ಳಲಿಲ್ಲ ಪಾಪ.

ಹೋದ ಹೊಸದರಲ್ಲಿ ಬರೀ ಮೋಡ, ಜಿಟಿಜಿಟಿ ಮಳೆ. ನಮ್ಮಲ್ಲಿ ಬಂದಂಗೆ ಹುಯ್ದು ಹೋಗೋ ಮಳೆಯಲ್ಲ, ಬೆಳಗಿಂದ ಬೈಗಿನತನಕ ಜರಡಿ ಹಿಡಿದಂಗೆ ಉದುರ್ತಾನೇ ಇರ್ತದೆ. ಅಂಥದ್ದರಲ್ಲಿ ಮೇ ತಿಂಗಳ ಒಂದಿನ ವತ್ತಾರೆ ಬಿಸಿಲು ಬಿತ್ತು. ಸಾಮಾನು ತರಕ್ಕೆ ಅಂತ ಅಳಿಯಂದ್ರ ಜೊತೆ ಅಂಗಡಿಗೆ ಹೋಗಿದ್ದೆ. ಕಾರಿಂದ ಇಳಿದು ತಲೆ ಎತ್ತಿದರೆ ಬೀದಿ ಕೊನೇಲಿ ಒಂದು ಬೆಳ್ಳನೆ ಬೆಟ್ಟ ನಿಂತದೆ! ತಿಂಗಳಿಂದ ಆ ಬೀದೀಲಿ ಓಡಾಡಿದ್ದೀನಿ, ಒಂದಿನಾನೂ ಕಂಡಿರಲಿಲ್ಲ. ರಾತ್ರೋರಾತ್ರಿ ಯಾರೋ ತಂದು ಇಟ್ಟಂಗಿತ್ತು. ಅಂಗಡೀಲಿ ದುಡ್ಡು ಈಸ್ಕೊಳ್ಳೋ ಹೆಂಗಸು ಅಳಿಯಂದ್ರ ಕೂಡೆ ನಗ್ತಾ ಏನೋ ಅಂದಳು. ಏನಂತೆ ಅಂತ ಕೇಳಿದೆ. "ಇವತ್ತು ಬೆಟ್ಟ ಆಚೆಗೆ ಬಂದದೆ ಅಂತಾವ್ರೆ ಅತ್ತೆ" ಅಂದ್ರು. ಆ ಊರಲ್ಲಿ ಹಂಗೇ ಅನ್ನೋದಂತೆ. ಬೆಟ್ಟ ಒಳಗಿರ್ತದೆ, ಒಂದೊಂದಿನ ಆಚೆಗೆ ಬತ್ತದೆ. ಮಾತು ಚೆನ್ನಾಗದೆ ಅನ್ನಿಸ್ತು.

ಮನೆಗೆ ಬಂದು ಮಗಳಿಗೆ ಹೇಳಿದರೆ, ಅವಳು ಕೂಸಿಗೆ ಹಾಲು ಕುಡಿಸ್ತಾ, ತಲೆ ಎತ್ತದೇನೇ, "ಅದು ಮೌಂಟ್ ಹುಡ್ ಕಣವ್ವ. ಜ್ವಾಲಾಮುಖಿ" ಅಂದಳು. ಪಕ್ಕದ ಮನೇಲಿ ನಾಯಿ ಸಾಕವ್ರೆ ಅನ್ನೋ ಹಂಗೆ.

ನಾನು ಜ್ವಾಲಾಮುಖಿ ಅನ್ನೋ ಪದ ಓದಿದ್ದು ಏಳನೇ ಕ್ಲಾಸಿನ ಪುಸ್ತಕದಲ್ಲಿ. ಜಪಾನಲ್ಲಿ ಇರ್ತದೆ, ಇಟಲೀಲಿ ಇರ್ತದೆ ಅಂತ. ನಮ್ಮ ದೇಶದಲ್ಲಿ ಬದುಕಿರೋದು ಅಂದ್ರೆ ಅಂಡಮಾನ್ ಕಡೆ ಸಮುದ್ರದ ಮಧ್ಯೆ ಇರೋ ಬ್ಯಾರನ್ ದ್ವೀಪ ಒಂದೇ, ಅಲ್ಲಿ ಮನುಷ್ಯರು ವಾಸ ಇಲ್ಲ. ನಮ್ಮ ಸೀಮೇಲಿ ನಾವು ಬೆಟ್ಟ ಅಂದರೆ ಕರಿಘಟ್ಟ, ಕುಂತಿಬೆಟ್ಟ, ಮೇಲುಕೋಟೆ. ಬಂಡೆ, ಮೇಲೊಂದು ಗುಡಿ, ಹತ್ತೋಕೆ ಮೆಟ್ಲು, ಕೋತಿ. ನಮ್ಮ ಬೆಟ್ಟ ಯಾರಿಗೂ ಏನೂ ಮಾಡಲ್ಲ. ಅಳಿಯಂದ್ರು ಆಮೇಲೆ ಹೇಳಿದ್ರು, ನಮ್ಮ ಕಡೆ ಕಲ್ಲು 250, 300 ಕೋಟಿ ವರ್ಷದ ಹಳೇದು, ಅದರ ಕಾವೆಲ್ಲ ಯಾವತ್ತೋ ಆರಿಹೋಗದೆ ಅಂತ. ವಿಜಾಪುರ, ಬೀದರ್ ಕಡೆ ಎರೆಮಣ್ಣು ಅದೆಯಲ್ಲ, ಅದು ಆರೂವರೆ ಕೋಟಿ ವರ್ಷದ ಹಿಂದೆ ಭೂಮಿ ಬಿರಿದು ಹರಿದ ಲಾವಾ ಕಲ್ಲು ಸವೆದು ಆದ ಮಣ್ಣಂತೆ. ಅದಕ್ಕೇ ಅಲ್ಲಿ ಹತ್ತಿ, ಜೋಳ ಹಂಗೆ ಬರೋದು. ಇದು ನನಗೆ ಹೊಸ ವಿಚಾರ.

ಪಕ್ಕದ ಮನೇಲಿ ಒಬ್ಬರು ಮುದುಕಿ ಇದ್ರು, ಎಂಬತ್ತು ದಾಟವ್ರೆ. ಕೂಸು ನೋಡೋಕೆ ಅಂತ ಕೈಯಲ್ಲಿ ಹೆಣೆದ ಕುಲಾವಿ ತಂದ್ಕೊಟ್ರು. ಮಾತು ಬೆಟ್ಟದ ಕಡೆ ತಿರುಗಿದಾಗ ಎದ್ದು ಹೋಗಿ ಅವರ ಮನೆಯಿಂದ ಒಂದು ಗಾಜಿನ ಶೀಶೆ ತಂದ್ರು. ಉಪ್ಪಿನಕಾಯಿ ಶೀಶೆಯಂಥದ್ದು. ಒಳಗೆ ಬೂದು ಬಣ್ಣದ ನಯವಾದ ಪುಡಿ. ನಾನು "ವಿಭೂತಿ!" ಅಂದೆ. ಮಗಳು ಬಿದ್ದು ಬಿದ್ದು ನಕ್ಕಳು.

ವಿಭೂತಿಯಲ್ಲ, ಬೆಟ್ಟದ ಬೂದಿ. ಮೌಂಟ್ ಹುಡ್‌ದಲ್ಲ, ಉತ್ತರಕ್ಕಿರೋ ಸೇಂಟ್ ಹೆಲೆನ್ಸ್ ಅನ್ನೋ ಬೆಟ್ಟದ್ದು. 1980ರ ಮೇ 18ನೇ ತಾರೀಕು, ಭಾನುವಾರ ಬೆಳಗ್ಗೆ ಎಂಟೂವರೆಗೆ, ನೆಲ ನಡುಗಿ ಆ ಬೆಟ್ಟದ ಒಂದು ಪಕ್ಕೆಯೇ ಜಾರಿಬಿತ್ತಂತೆ. ಒಳಗಿಂದ ಸಿಡೀತು. 57 ಜನ ಸತ್ರು. ಬೆಟ್ಟದ ನೆತ್ತಿ 1300 ಅಡಿ ಗಿಡ್ಡ ಆಯ್ತು. ಅವತ್ತು ಗಾಳಿ ಪೂರ್ವಕ್ಕಿದ್ದರಿಂದ ಪೋರ್ಟ್‌ಲ್ಯಾಂಡ್ ಬಚಾವು. ಜೂನಲ್ಲಿ ಮತ್ತೊಂದು ಸಲ ಸಿಡಿದಾಗ ಗಾಳಿ ಈ ಕಡೆ ತಿರುಗಿತ್ತು, ಊರ ಮೇಲೆಲ್ಲ ಬೂದಿ ಸುರೀತು. ಈ ಮುದುಕಿ ಆಗ ಹೊಸದಾಗಿ ಮನೆ ಮಾಡಿದ್ರು. ಒಣಗಾಕಿದ್ದ ಬಟ್ಟೆ ಮೇಲೆ, ಕಾರ ಮೇಲೆ ಎಲ್ಲ ಬೂದಿ. ಒದ್ದೆ ಬಟ್ಟೇಲಿ ಒರೆಸೋಕೆ ಹೋದರೆ ಗಾಜೆಲ್ಲ ಗೀಚಿ ಹೋಗ್ತಿತ್ತಂತೆ. ಅದು ಒಲೆ ಬೂದಿಯಂಗಲ್ಲ, ಪುಡಿಯಾದ ಕಲ್ಲು, ಗಾಜು. ಪಾತ್ರೆ ಬೆಳಗೋಕೆ ಆಯ್ತದಾ ಅಂತ ಕೇಳಿದೆ. ಆಯ್ತದೆ, ಆದರೆ ಪಾತ್ರೆ ಉಳಿಯಲ್ಲ ಅಂದ್ರು.

ನಾನು ಕೇಳಿದ ಇನ್ನೊಂದು ಮಾತು, ಅಷ್ಟಾದಮೇಲೂ ಯಾಕೆ ಊರು ಬಿಡಲಿಲ್ಲ ಅಂತ. ಅವರಿಗೆ ಪ್ರಶ್ನೆಯೇ ಅರ್ಥ ಆಗಲಿಲ್ಲ. ಎಲ್ಲಿಗೆ ಹೋಗಲಿ, ಮನೆ ಸಾಲ ಇತ್ತಲ್ಲ ಅಂದ್ರು.

ಇನ್ನು ಗುಡ್ಡದ ವಿಚಾರ. ಜುಲೈ ಮಧ್ಯದ ಒಂದು ಶನಿವಾರ ಕೂಸಿಗೆ ಎರಡು ತಿಂಗಳು ದಾಟಿತ್ತು. ಇವತ್ತು ಗಾಳಿಗೆ ಹೋಗಿಬರೋಣ ಅಂತ ಹೊರಟ್ವಿ. ಪೋರ್ಟ್‌ಲ್ಯಾಂಡಿನ ಪೂರ್ವದ ಅಂಚಲ್ಲಿ ಪೊವೆಲ್ ಬ್ಯೂಟ್ ಅಂತ ಒಂದು ಗುಡ್ಡ ಅದೆ. ಮನೆಯಿಂದ ಕಾರಲ್ಲಿ ಕಾಲುಗಂಟೆ. ಆರುನೂರು ಎಕರೆ ಗುಡ್ಡ ಪೂರ್ತಾ ಕಾಡು, ಹುಲ್ಲುಗಾವಲು ಹಂಗೇ ಬಿಟ್ಟವ್ರೆ. ಮೇಲಕ್ಕೆ ಡಾಂಬರು ಹಾಕಿದ ಒಂದು ಕಾಲುದಾರಿ ಅದೆ, ತಳ್ಳೋಗಾಡೀಲಿ ಕೂಸು ಕೂರಿಸ್ಕೊಂಡು ಹೋಗಬಹುದು. ನನ್ನ ಮಂಡಿಗೂ ಅದು ಆಗಿಬಂತು. ಟಿಕೀಟು ಇಲ್ಲ, ಅಂಗಡಿ ಇಲ್ಲ, ಐಸ್‌ಕ್ರೀಮ್ ಇಲ್ಲ, ದೇವಸ್ಥಾನವೂ ಇಲ್ಲ. ನಮ್ಮವರಿಗೆ ಇಂಥ ಕಡೆ ಹೋದರೆ ಕೈ ಮುಗಿಯೋಕೆ ಏನಾದರೂ ಬೇಕು ಅನ್ನಿಸ್ತದೆ. ನಾನು ಬೆಟ್ಟದ ಕಡೆ ತಿರುಗಿ ಒಂದು ಸಲ ಮುಗಿದೆ.

ಹುಲ್ಲೆಲ್ಲ ಒಣಗಿ ರಾಗಿ ಕುಯ್ಲಿನ ಹೊಲದ ಬಣ್ಣಕ್ಕೆ ಬಂದಿತ್ತು. ನೆತ್ತಿ ಹತ್ತಿರ ಹಳೇ ಹಣ್ಣಿನ ಮರಗಳು ಸಾಲಾಗಿ ನಿಂತವ್ವೆ, ಪೇರು, ಸೇಬು. ಕಾಡಲ್ಲಿ ಸಾಲು ಇರಲ್ಲವಲ್ಲ, ಇದು ಯಾರೋ ಹಾಕಿದ ತೋಟ ಅಂತ ನನಗೆ ಗೊತ್ತಾಯ್ತು. ಅಲ್ಲಿದ್ದ ಬೋರ್ಡು ಓದಿ ಅಳಿಯಂದ್ರು ಹೇಳಿದ್ರು. ಮೊದಲು ಇದು ಹಸು ಮೇಯಿಸೋ ಒಬ್ಬ ರೈತನ ಜಾಗ. ಮುಂದೆ ಊರಿಗೆ ನೀರಿನ ತೊಟ್ಟಿ ಕಟ್ಟೋಕೆ ಬೇಕಾಯ್ತದೆ ಅಂತ ನಗರದವರು 1925ರಲ್ಲೇ ಈ ಗುಡ್ಡ ಕೊಂಡುಕೊಂಡ್ರು. ಕೊಂಡಮೇಲೂ 1948ರ ತನಕ ಆ ರೈತನಿಗೇ ಹಸು ಮೇಯಿಸ್ಕೊಳ್ಳಕ್ಕೆ ಬಿಟ್ಟಿದ್ರಂತೆ. ಇದು ಪಾರ್ಕು ಅಂತ ಜನರಿಗೆ ಬಾಗಿಲು ತೆಗೆದಿದ್ದು 1990ರಲ್ಲಿ.

"ತೊಟ್ಟಿ ಕಟ್ಟಿದ್ರಾ ಮತ್ತೆ?" ಅಂತ ಕೇಳಿದೆ.

"ಕಟ್ಟವ್ರೆ ಅತ್ತೆ. ನೀವು ಅದರ ಮೇಲೇ ಅಡ್ಡಾಡ್ತಾ ಇದ್ದೀರಿ."

ಗುಡ್ಡದ ಹೊಟ್ಟೆಯೊಳಗೆ ಎರಡು ತೊಟ್ಟಿ ಅವೆಯಂತೆ. ಒಂದು 1981ರದ್ದು, ಇನ್ನೊಂದು ಅದಕ್ಕಿಂತ ಈಚಿಂದು. ಒಂದೊಂದಕ್ಕೂ ಐದು ಕೋಟಿ ಗ್ಯಾಲನ್ ಹಿಡೀತದೆ. ನಮ್ಮ ಲೆಕ್ಕದಲ್ಲಿ 19 ಕೋಟಿ ಲೀಟರು. ಮೇಲೆ ಮಣ್ಣು, ಹುಲ್ಲು, ಜನ ನಾಯಿ ಹಿಡ್ಕೊಂಡು ಓಡಾಡ್ತಾವ್ರೆ. ಕೆಳಗೆ ಒಂದು ಊರೇ ಕುಡಿಯೋ ನೀರು ಕತ್ತಲಲ್ಲಿ ನಿಂತದೆ. ಆ ನೀರು ಬುಲ್ ರನ್ ಅನ್ನೋ ಕಾಡಿಂದ ಬರೋದು, ಮೌಂಟ್ ಹುಡ್‌ನ ಪಡುವಲ ಮಗ್ಗುಲಿಗಿರೋ ಕಾಡು. ಹಂಗಾದರೆ ಬೆಟ್ಟದ ಹಿಮ ಕರಗಿದ ನೀರು ಅಂತ ನಾನಂದೆ. ಅಲ್ಲವಂತೆ, ನಡುವೆ ಬೇರೆ ಏಣು ಅಡ್ಡ ಬತ್ತದೆ, ಅದು ಹೆಚ್ಚುಕಮ್ಮಿ ಪೂರ್ತಾ ಮಳೆ ನೀರೇ. ಆ ಕಾಡಿಗೆ ಹೊರಗಿನವರು ಯಾರೂ ಕಾಲಿಡಂಗಿಲ್ಲ. ಸುಮಾರು ಹತ್ತು ಲಕ್ಷ ಜನ ಅದನ್ನ ಕುಡೀತಾರೆ.

ಮಂಡ್ಯ ಸೀಮೆ ಹೆಂಗಸಿಗೆ ನೀರಿನ ಲೆಕ್ಕ ಹೇಳಿದರೆ ಸುಮ್ಮನಿರ್ತಾಳಾ? ನಮಗೆ ನಾಲೆ ಬಂದರೆ ಬದುಕು, ನಾಲೆ ನಿಂತರೆ ಇಲ್ಲ. ಫೋನ್ ಮಾಡಿದರೆ ಸೌಖ್ಯವಾ ಅಂತ ಕೇಳೋಕೆ ಮುಂಚೆ "ಕಟ್ಟೆ ಏಟ್ ಅಡಿ ಬಂತು?" ಅಂತ ಕೇಳೋ ಜನ ನಾವು. ಹಿಂದಿನ ವರ್ಷ, 2023ರಲ್ಲಿ, ಮಳೆ ಕೈಕೊಟ್ಟು, ಇದ್ದ ನೀರನ್ನೂ ಬಿಡಬೇಕಾಗಿ ಬಂದು, ಮಂಡ್ಯದ ರಸ್ತೇಲೆಲ್ಲ ಜನ ಕೂತಿದ್ರು. ನಮ್ಮ ಒಂದೆಕರೆ ಕಬ್ಬು ಸೌದೆಯಂಗೆ ಒಣಗಿತ್ತು. 2024ರ ಬೇಸಿಗೇಲಿ ಕಟ್ಟೆ 90 ಅಡಿಗಿಂತ ಕೆಳಕ್ಕೆ ಹೋಗಿತ್ತು. ಈಗ ಜುಲೈಲಿ ಕೊಡಗಲ್ಲಿ ಮಳೆ ಹಿಡಿದು ದಿನಾ ಏರ್ತಿತ್ತು. ನಮ್ಮೆಜಮಾನ್ರು ದಿನಾ ವತ್ತಾರೆ ಫೋನ್ ಮಾಡಿ ಅಡಿ ಹೇಳೋರು. ಅವರಿಗೆ ವತ್ತಾರೆ ಅಂದರೆ ನಮಗೆ ಹಿಂದಿನ ದಿನದ ಬೈಗು, ಹನ್ನೆರಡೂವರೆ ಗಂಟೆ ಹಿಂದುಮುಂದು. 124.80 ಅಡಿ ಅನ್ನೋ ನಂಬರು ನಮ್ಮ ಮನೇಲಿ ಹೈಕ್ಳು ಮಗ್ಗಿಗಿಂತ ಮುಂಚೆ ಕಲೀತವೆ.

ಹುಲ್ಲಿನ ಮೇಲೆ ನಿಂತು ಅಳಿಯಂದ್ರು ಫೋನಲ್ಲಿ ಲೆಕ್ಕ ಹಾಕಿದ್ರು. ಈ ಎರಡು ತೊಟ್ಟಿ ಎಪ್ಪತ್ತೈದು ಸಲ ತುಂಬಿದರೆ ಒಂದು ಟಿಎಂಸಿ. ನಮ್ಮ ಕನ್ನಂಬಾಡಿ ಹಿಡಿಯೋದು 49 ಟಿಎಂಸಿ. ನನಗೆ ಒಸಿ ಹೆಮ್ಮೆ ಆಯ್ತು, ಸುಳ್ಳು ಯಾಕೆ ಹೇಳಲಿ.

ನೆತ್ತೀಲಿ ಒಂದು ಕಡೆ ಯಾವ ದಿಕ್ಕಿಗೆ ಯಾವ ಬೆಟ್ಟ ಅಂತ ಬರೆದು ಇಟ್ಟವ್ರೆ. ಬೆರಳು ಇಟ್ಟು ಸೀದಾ ನೋಡಿದರೆ ಬೆಟ್ಟ ಸಿಕ್ತದೆ. ಪೂರ್ವಕ್ಕೆ ಹುಡ್, ಹನ್ನೊಂದು ಸಾವಿರದ ಇನ್ನೂರು ಅಡಿ ಮೇಲೆ. ಹತ್ತಿರವೇ ಅದೆ ಅನ್ನಿಸ್ತದೆ, ಊರಿಂದ ಎಂಬತ್ತು ಕಿಲೋಮೀಟರ್ ಅಂತೆ. ನಮ್ಮ ಮದ್ದೂರಿಂದ ಬೆಂಗಳೂರಷ್ಟು. ಉತ್ತರಕ್ಕೆ ಸೇಂಟ್ ಹೆಲೆನ್ಸ್, ತಲೆ ಕುಯ್ದಂಗೆ ಮಟ್ಟಸವಾಗಿ. ಪಕ್ಕದ ಮನೆ ಮುದುಕಿಯ ಶೀಶೇಲಿರೋದು ಆ ತಲೇದೇ ಒಂದು ಚೂರು. ಅದರ ಬಲಕ್ಕೆ ಆಡಮ್ಸ್. ಎಲ್ಲವೂ ಜ್ವಾಲಾಮುಖಿಗಳೇ, ಯಾವುದೂ ಪೂರ್ತಾ ಸತ್ತಿಲ್ಲ. ಹುಡ್ ಕೊನೇ ಸಲ ಜೋರಾಗಿ ಎದ್ದಿದ್ದು 1780, 90ರ ಸುಮಾರಲ್ಲಿ. ಅಂದರೆ ನಮ್ಮಲ್ಲಿ ಟಿಪ್ಪು ಶ್ರೀರಂಗಪಟ್ಟಣದಲ್ಲಿದ್ದ ಕಾಲ. ಬೆಟ್ಟಗಳಿಗೆ ಅದು ನಿನ್ನೆ ಮೊನ್ನೆ.

ಇದೆಲ್ಲ ಕೇಳಿ ನಾನು ಒಂದು ಬೆಂಚ್ ಮೇಲೆ ಕೂತೆ. "ಅಂತೂ ದೂರದಲ್ಲವೆ ಬಿಡು, ಇಲ್ಲಿ ಕೂತು ನೋಡೋಕೆ ಚೆಂದ" ಅಂದೆ. ಮಗಳು ನಗು ತಡೀಲಾರದೆ, "ಅವ್ವ, ನೀನು ಕೂತಿರೋ ಗುಡ್ಡವೂ ಅದೇಯ" ಅಂದಳು. ಈ ಪೊವೆಲ್ ಬ್ಯೂಟ್ ಗುಡ್ಡವೂ ಒಂದು ಕಾಲದಲ್ಲಿ ಉಗುಳಿ ಆದ ಗುಡ್ಡೆ, ಈಗ ಸತ್ತುಹೋಗದೆ. ಇಂಥವು ಈ ಊರ ಸುತ್ತಮುತ್ತ ಹತ್ತಾರು ಅವೆ. ಊರ ನಡುಮಧ್ಯೆ ಮೌಂಟ್ ಟೇಬರ್ ಅಂತ ಒಂದು, ಅದರ ಕುಯ್ದ ಪಕ್ಕೆಗೆ ಆನಿಸ್ಕೊಂಡೇ ಹೈಕ್ಳು ಬಾಸ್ಕೆಟ್‌ಬಾಲ್ ಆಡ್ತವೆ. ಈ ಪೂರಾ ಗುಂಪಿಗೆ ಬೋರಿಂಗ್ ಅಂತ ಹೆಸರು, ಪಕ್ಕದಲ್ಲಿರೋ ಒಂದು ಊರ ಹೆಸರಿಂದ ಬಂದದ್ದು. ನಮ್ಮೂರಲ್ಲಿ ಬೋರಿಂಗ್ ಅಂದರೆ ಕೈಪಂಪು. ಅಲ್ಲಿ ಹೊಡೆದರೆ ನೀರು ಬತ್ತದೆ, ಇಲ್ಲಿ ಹೊಡೆಯದೇನೇ ಬೆಂಕಿ ಬಂದಿತ್ತು.

ತಂದಿದ್ದ ಮದ್ದೂರು ವಡೆ ತಿಂತಾ ಕೂತಿದ್ವಿ. ಮದ್ದೂರಿಂದ ತಂದದ್ದಲ್ಲ, ಹಿಂದಿನ ರಾತ್ರಿ ನಾನೇ ತಟ್ಟಿದ್ದು. ಆಗ ಮಗಳು, "ಅವ್ವ, ನಾವೊಂದು ಮನೆ ನೋಡಿದ್ದೀವಿ" ಅಂದಳು.

ಇದು ಯಾವತ್ತೋ ಬರ್ತದೆ ಅಂತ ಗೊತ್ತಿತ್ತು. ಗೊತ್ತಿದ್ದರೂ ಎದೆ ಧಸಕ್ ಅಂತು. ಹೊಳಲಲ್ಲಿ ನಾವು 2019ರಲ್ಲಿ ಮಾಳಿಗೆ ಮೇಲೆ ಒಂದು ರೂಮು ಹಾಕಿಸಿದ್ವಿ. ಇವರು ಬಂದಾಗ ಇರಲಿ, ಮುಂದೆ ಬಂದು ಇದ್ದರೆ ಅನುಕೂಲ ಆಗಲಿ ಅಂತ ಬಚ್ಚಲು, ಕಮೋಡು ಎಲ್ಲ ಒಳಗೇ ಇರೋ ರೂಮು. ನಮ್ಮೆಜಮಾನ್ರು ಟೈಲ್ಸ್ ಆರಿಸೋಕೆ ಮೂರು ಸಲ ಮಂಡ್ಯಕ್ಕೆ ಹೋಗಿದ್ರು. ಐದು ವರ್ಷದಲ್ಲಿ ಅವರು ಅದರಲ್ಲಿ ಮಲಗಿದ್ದು ಹದಿನೆಂಟು ರಾತ್ರಿ. ಬಾಡಿಗೆ ಮನೇಲಿರೋ ತನಕ ಮಕ್ಕಳು ಬರ್ತಾರೆ ಅನ್ನಬಹುದು. ಮನೆ ಕೊಂಡಮೇಲೆ ಹಂಗಂದುಕೊಳ್ಳೋಕೆ ಏನೂ ಉಳಿಯಲ್ಲ.

ಅದನ್ನೆಲ್ಲ ಆಡಲಿಲ್ಲ. "ಎಲ್ಲಿ?" ಅಂದೆ.

"ಟ್ರೌಟ್‌ಡೇಲ್ ಅಂತ, ಇಲ್ಲೇ ಹತ್ರ. ಹಿತ್ತಲಿಂದ ಇಳಿದರೆ ಹೊಳೆ. ಭಾಳ ಚೆನ್ನಾಗದೆ ಅವ್ವ."

"ಯಾವ ಹೊಳೆ?"

"ಸ್ಯಾಂಡಿ. ಮರಳು ಹೊಳೆ ಅಂತ ಅರ್ಥ."

"ಅದು ಎಲ್ಲಿಂದ ಬತ್ತದೆ?"

ಮಗಳು ತಕ್ಷಣ ಮಾತಾಡಲಿಲ್ಲ. ಕೈಯೆತ್ತಿ ಬೆಟ್ಟ ತೋರಿಸಿದಳು.

ನಾನು ಓದಿರೋದು ಎಸ್ಸೆಸ್ಸೆಲ್ಸಿ. ಆದರೆ ನೀರು ತಗ್ಗಿಗೆ ಹರೀತದೆ ಅನ್ನೋದು ಕಲಿಯೋಕೆ ಇಸ್ಕೂಲು ಬೇಕಾಗಿಲ್ಲ, ಗದ್ದೆ ಬದೀಲಿ ನಿಂತು ನೀರು ಕಟ್ಟಿದವರಿಗೆ ಗೊತ್ತು. ತಲೆ ಮೇಲೆ ಅಷ್ಟು ಹಿಮ ಹೊತ್ತಿರೋ ಬೆಟ್ಟಕ್ಕೆ ಒಳಗಿಂದ ಕಾವು ಬಂದರೆ ಹಿಮ ಎಲ್ಲಿಗೆ ಹೋಯ್ತದೆ? ಕರಗಿ, ಕಲ್ಲು ಮಣ್ಣು ಬಾಚ್ಕೊಂಡು, ಇರೋ ಹೊಳೆ ದಾರೀಲೇ ಬತ್ತದೆ. ಬೇರೆ ದಾರಿ ಅದಕ್ಕೆ ಎಲ್ಲದೆ? ಅಷ್ಟೇ ನಾನು ಕೇಳಿದ್ದು.

ಅಳಿಯಂದ್ರು ಫೋನ್ ತೆಗೆದ್ರು. ಅಲ್ಲಿನ ಸರ್ಕಾರದವರು ಯಾವ ಬೆಟ್ಟ ಎದ್ದರೆ ಯಾವ ಯಾವ ಜಾಗಕ್ಕೆ ತೊಂದರೆ ಅಂತ ನಕ್ಷೆ ಮಾಡಿ ಎಲ್ಲರಿಗೂ ಕಾಣೋ ಹಂಗೆ ಇಟ್ಟವ್ರೆ. 1980ರ ಅನುಭವ ಆದಮೇಲೆ ಕೊಲಂಬಿಯಾ ನದಿ ಆಚೆ ವ್ಯಾಂಕೂವರ್ ಅನ್ನೋ ಊರಲ್ಲಿ ಇದಕ್ಕೇ ಅಂತ ಒಂದು ಕಚೇರಿ ಮಾಡಿ, ಈ ಬೆಟ್ಟಗಳ ನಾಡಿ ಹಿಡಿದು ಕೂತವ್ರೆ. ನಕ್ಷೇಲಿ ಸ್ಯಾಂಡಿ ಹೊಳೆ ಉದ್ದಕ್ಕೂ ಬಣ್ಣ ಬಳಿದಿತ್ತು, ಬೆಟ್ಟದ ಬುಡದಿಂದ ಹಿಡಿದು ಕೊಲಂಬಿಯಾಕ್ಕೆ ಸೇರೋ ತನಕ. ಸೇರೋ ಜಾಗದಲ್ಲಿರೋದೇ ಟ್ರೌಟ್‌ಡೇಲ್. ಹಿಂದೆ ಸುಮಾರು 1500 ವರ್ಷದ ಕೆಳಗೆ ಒಂದು ಸಲ, ಆಮೇಲೆ ಆ 1780, 90ರಲ್ಲಿ ಒಂದು ಸಲ, ಬಿಸಿ ಕೆಸರು ಆ ಹೊಳೇಲೇ ಇಳಿದು ಬಂದಿತ್ತು. 1805ರಲ್ಲಿ ಲೂಯಿಸ್, ಕ್ಲಾರ್ಕ್ ಅನ್ನೋ ಇಬ್ಬರು ಅಲ್ಲಿಗೆ ಬಂದಾಗ ಹೊಳೆ ತುಂಬ ಕಾಲಿಟ್ಟರೆ ಹೂತುಹೋಗೋ ಮರಳು. ಅದಕ್ಕೇ ಉಸುಬಿನ ಹೊಳೆ ಅಂತ ಬರೆದಿಟ್ಟುಕೊಂಡ್ರು. ಆ ಹೆಸರು ಸವೆದು ಸ್ಯಾಂಡಿ ಆಗದೆ. ಬೆಟ್ಟದ ಬೂದಿ ಮರಳೇ ಅದು. ಹೊಳೆ ಹೆಸರಲ್ಲೇ ಎಲ್ಲ ಹೇಳಿಬಿಟ್ಟದೆ.

"ಇನ್ನೂರು ವರ್ಷದಲ್ಲಿ ಆಗದೇ ಇರೋದು ನಾವಿರೋ ಮೂವತ್ತು ವರ್ಷದಲ್ಲಿ ಆಗ್ತದಾ? ಆಗೋ ಮುಂಚೆ ಹೇಳ್ತಾರೆ, ಎದ್ದು ಹೋಗೋದು" ಅಂದಳು ಮಗಳು. ಅದೂ ಸುಳ್ಳಲ್ಲ. ಕೆಸರು ಅಷ್ಟು ದೂರ ಬರೋಕೆ ಒಸಿ ಗಂಟೆಗಳೇ ಬೇಕು. ಆದರೆ ಜೀವ ಎದ್ದು ಹೋಗ್ತದೆ, ಮನೆ ಎದ್ದು ಹೋಗಲ್ಲವಲ್ಲ ಅಂದೆ. ಅಲ್ಲಿಗೆ ಅವಳ ಸಿಟ್ಟು ಹತ್ತಿತು. "ನಿಂಗೆ ಬೆಟ್ಟದ ಭಯ ಅಲ್ಲ ಕಣವ್ವ. ನಾವು ಇಲ್ಲಿ ಮನೆ ತಗೊಳೋದೇ ಬ್ಯಾಡ. ಅದಕ್ಕೆ ಬೆಟ್ಟ ಒಂದು ನೆಪ."

ಬಾಣಂತಿ ಕೂಡೆ ಜಗಳ ಆಡಬಾರದು. ಸುಮ್ಮನಾದೆ. ಅವಳಂದಿದ್ದೂ ನಿಜವೇ, ನಾನಂದಿದ್ದೂ ನಿಜವೇ. ಎರಡು ನಿಜ ಒಂದೇ ಬಾಯಲ್ಲಿ ಬಂದರೆ ಕೇಳೋರು ಒಂದನ್ನ ಸುಳ್ಳು ಅಂದ್ಕೊತಾರೆ. ಎರಡು ದಿನ ನಮ್ಮಿಬ್ಬರ ಮಾತು "ಕೂಸಿಗೆ ನೀರು ಹಾಕ್ಲಾ", "ಊಟಕ್ಕೆ ಏಳು" ಇಷ್ಟೇ ಆಗಿತ್ತು. ಮೂರನೇ ದಿನ ಸಬ್ಬಸಿಗೆ ಸೊಪ್ಪಿನ ಬಸ್ಸಾರು ಮಾಡಿದ್ದೆ. ಇನ್ನೊಂದು ಸೌಟು ಹಾಕು ಅಂದಳು, ಅಲ್ಲಿಗೆ ಮುಗೀತು.

ಆ ಎರಡು ದಿನ ನನಗೆ ಒಬ್ಬ ಮುದುಕನ ನೆನಪು ಕಾಡ್ತಿತ್ತು. ಪಕ್ಕದ ಮನೆಯವರು ಹೇಳಿದ ಕತೆ. ಸೇಂಟ್ ಹೆಲೆನ್ಸ್ ಬುಡದಲ್ಲಿ ಸ್ಪಿರಿಟ್ ಲೇಕ್ ಅನ್ನೋ ಕೆರೆ ದಡದಲ್ಲಿ ಹ್ಯಾರಿ ಟ್ರೂಮನ್ ಅಂತ ಒಬ್ಬ, 83 ವರ್ಷ, ಹೆಂಡತಿ ಹೋಗಿದ್ದಳು, ಹದಿನಾರು ಬೆಕ್ಕು ಸಾಕ್ಕೊಂಡು ವಸತಿಮನೆ ನಡೆಸ್ತಿದ್ದ. ಬೆಟ್ಟ ಎರಡು ತಿಂಗಳಿಂದ ಗುರುಗುಟ್ತಾ ಇತ್ತು, ಪೊಲೀಸರು ಬಂದು ಕರೆದ್ರು, ಪೇಪರಿನವರು ಬಂದು ಕೇಳಿದ್ರು. ನಾನು ಬರಲ್ಲ, ನನಗೆ ಈ ಬೆಟ್ಟ ಗೊತ್ತು, ಬೆಟ್ಟಕ್ಕೆ ನಾನು ಗೊತ್ತು ಅನ್ನೋ ಧಾಟೀಲಿ ಕೂತುಬಿಟ್ಟ. ಮೇ 18ಕ್ಕೆ ಅವನೂ ಇಲ್ಲ, ಮನೆಯೂ ಇಲ್ಲ, ಮಣ್ಣಿನಡಿ ಹೋದ. ಜನ ಅವನನ್ನ ಹೊಗಳ್ತಾರಂತೆ, ಹಾಡು ಕಟ್ಟವ್ರಂತೆ. ನನಗೆ ಹೊಗಳೋಕೆ ಮನಸ್ಸು ಬರಲ್ಲ. ನಮ್ಮತ್ತೆಯೂ ಹಂಗೇ, ಊರು ಬಿಟ್ಟು ಒಂದು ರಾತ್ರಿ ಮೈಸೂರಲ್ಲಿ ಮಲಗಲ್ಲ ಅಂತಾರೆ, ಅವರನ್ನ ನೋಡ್ಕೊಳ್ಳೋ ಸೊಸೆಗೆ ಗೊತ್ತು ಅದರ ಕಷ್ಟ.

ಜುಲೈ ಕೊನೆಗೆ ಕಟ್ಟೆ ತುಂಬಿತು. ನಮ್ಮೆಜಮಾನ್ರು ಫೋನಲ್ಲಿ "ನೂರಿಪ್ಪತ್ನಾಕು ಪಾಯಿಂಟ್ ಎಂಬತ್ತು!" ಅಂತ ಕೂಗಿದ್ದು ಪಕ್ಕದ ಮನೆಗೂ ಕೇಳಿರಬೇಕು. ನಾನು ಆವತ್ತು ಪಾಯಸ ಮಾಡಿದೆ.

ಅದಾಗಿ ಎರಡು ವಾರಕ್ಕೆ, ಆಗಸ್ಟ್ 10ರ ರಾತ್ರಿ, ಹೊಸಪೇಟೆ ಹತ್ತಿರ ತುಂಗಭದ್ರಾ ಕಟ್ಟೆಯ ಹತ್ತೊಂಬತ್ತನೇ ಗೇಟು ಸರಪಳಿ ಕಿತ್ತು ಕೊಚ್ಚಿ ಹೋಯ್ತು. ಎಪ್ಪತ್ತು ವರ್ಷದ ಕಟ್ಟೆ. ತುಂಬಿದ್ದ ನೀರು ಸುಮ್ಮಸುಮ್ಮನೆ ಹೊಳೆಗೆ. ನೀರು ಹರೀತಿದ್ದಂಗೇನೇ ತಾತ್ಕಾಲಿಕ ಗೇಟು ಇಳಿಸಿ ನಿಲ್ಲಿಸೋಕೆ ಒಂದು ವಾರ ಹಿಡೀತು. ಆ ವಾರ ನಮ್ಮ ಕಡೆ ವಾಟ್ಸಾಪಿನಲ್ಲಿ ಇದೇ ಮಾತು, ಇದು ನಮ್ಮ ಕನ್ನಂಬಾಡಿಗೆ ಆದರೆ? 1911ರಲ್ಲಿ ಶುರು ಮಾಡಿದ ಕಟ್ಟೆ ಅದು. ಬೇಬಿಬೆಟ್ಟದಲ್ಲಿ ಕಲ್ಲು ಸಿಡಿಸಬೇಡಿ ಅಂತ ನಮ್ಮ ರೈತರು ವರ್ಷಗಟ್ಟಲೆ ಬಡ್ಕೊಂಡಿದ್ದೂ ಇದೇ ಭಯಕ್ಕೆ.

ಮಗಳು ವಿಡಿಯೋ ತಂದು ತೋರಿಸಿದಳು. ಚುಚ್ಚೋಕೆ ಅಂತಲ್ಲ, ಅವಳಿಗೂ ಗಾಬರಿಯೇ. ತೋರಿಸಿ, ಕೂಸನ್ನ ತೊಡೆ ಮೇಲೆ ಹಾಕ್ಕೊಂಡು ಕೇಳಿದಳು, "ಅವ್ವ, ನೀನು ಇಷ್ಟು ವರ್ಷ ಕಟ್ಟೆ ನಂಬ್ಕೊಂಡು ಇದ್ದೀಯಲ್ಲ, ಒಂದಿನವಾದರೂ ನಿದ್ದೆ ಕೆಟ್ಟಿದ್ಯಾ?"

ಯೋಚಿಸಿದೆ. ನಮ್ಮ ಹೊಳಲು ಕಾವೇರಿ ದಡದಲ್ಲಿಲ್ಲ. ಹುಲಿಕೆರೆ ಸುರಂಗದಲ್ಲಿ ನುಗ್ಗಿ ಬರೋ ವಿಶ್ವೇಶ್ವರಯ್ಯ ನಾಲೆ ಸೀಮೆ ನಮ್ಮದು. ಕಟ್ಟೆಗೆ ಏನಾದರೂ ಆದರೆ ಮೊದಲು ನೀರು ಹೋಗೋದು ಶ್ರೀರಂಗಪಟ್ಟಣದ ಮೇಲೆ. "ನಮ್ಮೂರು ಕೊಚ್ಚಿ ಹೋಗಲ್ಲ ಕಣಮ್ಮಿ, ಒಣಗಿ ಹೋಯ್ತದೆ" ಅಂದೆ. "ನಿದ್ದೆ ಕೆಟ್ಟದ್ದು ನೀರು ಜಾಸ್ತಿ ಆದಾಗ ಅಲ್ಲ, ಕಮ್ಮಿ ಆದಾಗ."

ಅವಳು ಸುಮ್ಮನೆ ಕೂಸಿನ ಕಾಲು ನೀವ್ತಾ ಇದ್ದಳು. ಆಮೇಲೆ, "ಇವರೂ ಅಷ್ಟೇ ಕಣವ್ವ. ಬೆಟ್ಟ ಕಾಣದೇ ಇದ್ದಾಗ ಬೇಜಾರು ಮಾಡ್ಕೊತಾರೆ, ಕಂಡಾಗ ಅಲ್ಲ" ಅಂದಳು. ಆ ತಿಂಗಳು ಕಾಡುಗಿಚ್ಚಿನ ಹೊಗೆ ಕವಿದು ಬೆಟ್ಟ ಸುಮಾರು ದಿನ ಕಂಡಿರಲಿಲ್ಲ. ನನಗೂ ದಿನಾ ಬೆಳಗ್ಗೆ ಎದ್ದು ಆ ಕಡೆ ನೋಡೋ ಅಭ್ಯಾಸ ಆಗೋಗಿತ್ತು.

ಹೊಳೆ ದಡದ ಮನೆ ಬಿಟ್ರು. ನಾನು ಹೇಳಿದ್ದಕ್ಕೇ ಅಂತ ನಾನು ಜಂಬ ಕೊಚ್ಕೊಳ್ಳಲ್ಲ, ಅದರ ವಿಮೆ ಲೆಕ್ಕವೂ ಜಾಸ್ತಿ ಬಂದಿತ್ತು ಅಂತ ಅಳಿಯಂದ್ರು ಹೇಳಿದ್ರು. ನಾನು ಸೆಪ್ಟೆಂಬರ್ ಕೊನೆಗೆ ಊರಿಗೆ ಬಂದೆ. ಹೊರಡೋ ಹಿಂದಿನ ದಿನ ಪಕ್ಕದ ಮನೆ ಮುದುಕಿ ಒಂದು ಚಮಚದಷ್ಟು ಬೂದಿ ಕಾಗದದಲ್ಲಿ ಕಟ್ಟಿಕೊಟ್ರು. ಅದನ್ನ ತೆಗೆದು ನೋಡಿದ ನಮ್ಮತ್ತೆ ನಾನು ಬಾಯಿ ಬಿಡೋಕೆ ಮುಂಚೆ ಹಣೆಗೆ ಇಟ್ಕೊಂಡ್ರು. ಇರಲಿ ಬಿಡಿ ಅಂದೆ.

ಡಿಸೆಂಬರಲ್ಲಿ ಮಗಳು ಬೇರೆ ಮನೆ ತಗೊಂಡಳು. ಪೋರ್ಟ್‌ಲ್ಯಾಂಡ್ ಊರೊಳಗೇನೇ, ಆ ಗುಡ್ಡದಿಂದ ನಡೆದು ಹೋಗೋ ದೂರ, ದಿಣ್ಣೆ ಮೇಲೆ. ನಲ್ಲೀಲಿ ಬರೋದು ಗುಡ್ಡದ ಹೊಟ್ಟೆ ನೀರೇ. ಅಡಿಗೆಮನೆ ಕಿಟಕೀಲಿ ಬೆಟ್ಟ ಕಾಣ್ತದಂತೆ, ಅದು ಆಚೆಗೆ ಬಂದ ದಿನ. ಗೃಹಪ್ರವೇಶಕ್ಕೆ ಹಾಲು ಉಕ್ಕಿಸಿದ್ದನ್ನ ನಾವು ಫೋನಲ್ಲೇ ನೋಡಿದ್ವಿ. ಮಾಳಿಗೆ ರೂಮಲ್ಲಿ ಈಗ ರಾಗಿ ಮೂಟೆ ಇಟ್ಟಿದ್ದೀವಿ, ಅವರು ಬರೋ ದಿನ ಗೊತ್ತಾದರೆ ಎತ್ತಿ ಕೆಳಗೆ ಹಾಕಿದರೆ ಆಯ್ತು.

ನಮ್ಮೆಜಮಾನ್ರು, ಜನ್ಮದಲ್ಲಿ ಇಮಾನ ಹತ್ತಲ್ಲ ಅಂತಿದ್ದೋರು, ಮೊನ್ನೆ ಪಾಸ್‌ಪೋರ್ಟಿಗೆ ಫೋಟೋ ತೆಗೆಸ್ಕೊಂಡು ಬಂದವ್ರೆ. ಮೊಮ್ಮಗಳು ಫೋನಲ್ಲಿ ಬೆಟ್ಟ ತೋರಿಸ್ತಾಳೆ, ಬೆಟ್ಟ ಅನ್ನೋಕೆ ಬರಲ್ಲ, "ತಾ" ಅಂತಾಳೆ. ಇವರು ಬೆಟ್ಟ ನೋಡಿದಂಗೆ ಮಾಡಿ ಮಗಳಿಗೆ ಕೇಳೋದು ಬೇರೆ:

"ಅದಿರಲಿ ಕಣವ್ವ, ಆ ಗುಡ್ಡದೊಳಗೆ ತೊಟ್ಟಿ ಅದೆ ಅಂದ್ಯಲ್ಲ, ಅದೀಗ ಏಟ್ ಅಡಿ ಅದೆ?"